ಹೋಗಬೇಡ ಎಂದರೆ ಮುಗಿಯಿತೇ?

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಸುದ್ದಿ ಊರಿನ ಹೆಸರು ಬದಲಿಸಿಕೊಂಡು ಬರತೊಡಗುತ್ತದೆ. ರಜೆಗೆಂದು ಅಜ್ಜಿ ಮನೆಗೆ ಬಂದಿದ್ದ ಹುಡುಗರು, ಮಧ್ಯಾಹ್ನದ ಹೊತ್ತು, ಕೆರೆಯೋ ಕೃಷಿ ಹೊಂಡವೋ ಕಲ್ಲು ಕ್ವಾರಿಯೋ. ದಡದ ಮೇಲೆ ಬಟ್ಟೆ, ಚಪ್ಪಲಿ. ಅಗ್ನಿಶಾಮಕ ದಳದವರು ಬಂದು ಶವ ಮೇಲೆತ್ತಿದರು, ಹೆತ್ತವರ ಆಕ್ರಂದನ ಮುಗಿಲು ಮುಟ್ಟಿತ್ತು, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಮರುದಿನ ಸ್ಥಳಕ್ಕೆ ಬಂದ ಅಧಿಕಾರಿಗಳು ‘ಮಕ್ಕಳನ್ನು ನೀರಿನ ಕಡೆ ಬಿಡಬೇಡಿ’ ಎಂದು ಸುತ್ತ ನಿಂತವರಿಗೆ ಬುದ್ಧಿ ಹೇಳಿ ಜೀಪು ಹತ್ತುತ್ತಾರೆ. ಸಾವಿನ ಸಂಖ್ಯೆ ಮೂರು ದಾಟಿದ್ದರೆ ಒಂದು ಬೋರ್ಡೂ ಬರುತ್ತದೆ: ‘ಅಪಾಯ. ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.’ ಮುಂದಿನ ಮಳೆಗಾಲದ ಹೊತ್ತಿಗೆ ಆ ಬೋರ್ಡಿನ ಕಂಬಕ್ಕೆ ಯಾರೋ ಎಮ್ಮೆ ಕಟ್ಟಿರುತ್ತಾರೆ.

ತಾಯಿಯಿಂದ ಹಿಡಿದು ಜಿಲ್ಲಾಡಳಿತದವರೆಗೆ ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡಿರುವ ಒಂದು ನಂಬಿಕೆ ಇದರ ಹಿಂದಿದೆ. ಮಗುವನ್ನು ನೀರಿನಿಂದ ದೂರ ಇಟ್ಟರೆ ಮಗು ಕ್ಷೇಮ. ದೂರ ಇಡುವ ಉಪಾಯ ಎಂದರೆ ಹೆದರಿಸುವುದು. ಹೆದರಿಸಿದ ಮೇಲೂ ಹೋಗಿ ಸತ್ತರೆ ಅದು ಆ ಮಗುವಿನ ಹಟ, ಇಲ್ಲವೇ ಹಣೆಬರಹ. ಕೇಳಲು ಇದು ಕಾಳಜಿಯಂತೆಯೇ ಕಾಣುತ್ತದೆ. ಆದರೆ ನಮ್ಮ ಮಕ್ಕಳ ಜೀವ ತೆಗೆಯುತ್ತಿರುವ ಕಾರಣಗಳ ಪಟ್ಟಿಯಲ್ಲಿ ಈ ನಂಬಿಕೆಯನ್ನೂ ಸೇರಿಸಬೇಕು ಎಂಬುದು ನನ್ನ ವಾದ.

ಮೊದಲು ಆ ಹೆದರಿಕೆ ಏನು ಕೆಲಸ ಮಾಡುತ್ತದೆ ಎಂದು ನೋಡೋಣ. ಮಂಡ್ಯ ಸೀಮೆಯ ಅವ್ವಂದಿರಿಗೆ ಒಂದು ಪರೀಕ್ಷೆ ಗೊತ್ತು. ಸಂಜೆ ಮನೆಗೆ ಬಂದ ಮಗನ ಮುಂಗೈ ಹಿಡಿದು ಉಗುರಿನಿಂದ ಒಂದು ಗೆರೆ ಎಳೆಯುತ್ತಾರೆ. ಗೆರೆ ಬೆಳ್ಳಗೆ ಮೂಡಿತೋ, ಹುಡುಗ ನೀರಲ್ಲಿ ಬಿದ್ದು ಬಂದಿದ್ದಾನೆ ಎಂದೇ ಅರ್ಥ. ‘ನಾಲೆ ತಾವ್ಕೆ ಹೋಗಿದ್ಯೇನ್ಲಾ? ಇನ್ನೊಂದ್ಸಲ ಹೋದ್ರೆ ಕಾಲು ಮುರ್ದಾಕ್ತೀನಿ!’ ಹುಡುಗರೇನು ಕಮ್ಮಿಯೇ? ಮನೆಗೆ ಬರುವ ಮುಂಚೆ ಕೈಕಾಲಿಗೆ ಮಣ್ಣು ತಿಕ್ಕಿಕೊಳ್ಳುತ್ತಾರೆ, ತಲೆ ಒಣಗುವವರೆಗೆ ಬಿಸಿಲಲ್ಲಿ ಗೋಲಿ ಆಡುತ್ತಾರೆ, ಚೆಡ್ಡಿಯನ್ನು ಬೇಲಿ ಮೇಲೆ ಒಣಹಾಕಿ ಕಾಯುತ್ತಾರೆ. ಹೇಗೆ ಸಿಕ್ಕಿಬೀಳಬಾರದು ಎಂಬುದನ್ನು ಹೀಗೆ ಚೆನ್ನಾಗಿ ಕಲಿಯುತ್ತಾರೆ. ಹೇಗೆ ಮುಳುಗಬಾರದು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಇದರ ಫಲ ನೋಡಿ. ಕದ್ದು ಹೋಗುವವರು ಜನ ಇರುವ ಸೋಪಾನದ ಕಡೆ ಹೋಗುವುದಿಲ್ಲ. ಬಟ್ಟೆ ಒಗೆಯುವವರ, ದನ ಮೈ ತೊಳೆಯುವವರ ಕಣ್ಣು ತಪ್ಪಿಸಿ, ಯಾರೂ ಸುಳಿಯದ ಜಾಗ ಹುಡುಕುತ್ತಾರೆ. ಇನ್ನು ಒಬ್ಬ ಮುಳುಗಿದ ಎಂದುಕೊಳ್ಳಿ. ಉಳಿದವರು ಊರಿಗೆ ಓಡಿ ಬಂದರೂ ಬಾಯಿ ಬಿಡುವುದಿಲ್ಲ. ತಾವೂ ಅಲ್ಲಿದ್ದೆವು ಎಂದು ಹೇಳಬೇಕಾಗುತ್ತದಲ್ಲ! ಗೆಳೆಯನ ಅಂಗಿಯನ್ನು ಪೊದೆಯಲ್ಲಿ ತುರುಕಿ, ಮನೆಯಲ್ಲಿ ಮುಸುಕು ಹೊದ್ದು ಮಲಗಿ, ರಾತ್ರಿ ಹುಡುಕಾಟ ಶುರುವಾದ ಮೇಲೆ ಅಳುತ್ತಾ ಒಪ್ಪಿಕೊಂಡ ಮಕ್ಕಳ ಕಥೆಗಳು ಹಳ್ಳಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಉಸಿರು ಕಟ್ಟಿದ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಒಂದೊಂದು ಕ್ಷಣಕ್ಕೂ ಬೆಲೆ ಇರುವಲ್ಲಿ ನಮ್ಮ ಗದರಿಕೆ ಗಂಟೆಗಟ್ಟಲೆ ಮೌನವನ್ನು ತಂದಿಡುತ್ತದೆ.

ಮುಳುಗುವವರು ಕೈ ಬೀಸುತ್ತಾರೆ, ‘ಕಾಪಾಡಿ’ ಎಂದು ಕೂಗುತ್ತಾರೆ ಎಂಬುದು ಸಿನಿಮಾ ಹೇಳಿಕೊಟ್ಟ ಸುಳ್ಳು. ನ್ಯೂಯಾರ್ಕಿನ ಕಡಲತೀರದಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಮುಳುಗುವವರನ್ನು ಚಿತ್ರೀಕರಿಸಿ ನೋಡಿ ಹೇಳಿದ್ದು ಇದು: ಬಾಯಿ ನೀರಿನ ಮೇಲೆ ಬಂದಷ್ಟು ಹೊತ್ತೂ ದೇಹ ಉಸಿರಿಗಾಗಿಯೇ ಒದ್ದಾಡುತ್ತದೆ, ಕೂಗಲು ಗಾಳಿ ಉಳಿದಿರುವುದಿಲ್ಲ. ಕೈಗಳು ತಮಗೆ ತಾವೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ. ಇದೆಲ್ಲ ಇಪ್ಪತ್ತರಿಂದ ಅರವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ದಡದಲ್ಲಿ ಕೂತವರಿಗೆ ಹುಡುಗ ಆಟವಾಡುತ್ತಿದ್ದಾನೆ ಎಂದೇ ತೋರುತ್ತದೆ. ಈ ಒಂದು ಸಂಗತಿಯನ್ನು ನಮ್ಮ ಯಾವ ಶಾಲೆಯ ಗೋಡೆ ಮೇಲಾದರೂ ಬರೆದದ್ದನ್ನು ನಾನು ನೋಡಿಲ್ಲ.

‘ಮಾತು ಕೇಳದೆ ಹೋದ, ಅನುಭವಿಸಿದ’ ಎಂಬ ಮಾತಿಗೆ ಬರೋಣ. 2018ರ ನವೆಂಬರ್ 24, ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅವರು ಯಾರ ಮಾತು ಮೀರಿದ್ದರು? ಬಸ್ಸು ಹತ್ತಿದ್ದೇ ತಪ್ಪೆ? ನಾಲೆಯ ಏರಿ ಮೇಲೆ ರಸ್ತೆ, ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇರಲಿಲ್ಲ.

ನಾಡಿನ ನೀರನ್ನು ಇಷ್ಟು ಅಪಾಯಕಾರಿ ಮಾಡಿದವರು ದೊಡ್ಡವರೇ, ಅದೂ ಕಳೆದ ಕೆಲವೇ ದಶಕಗಳಲ್ಲಿ. ಕೆರೆಯನ್ನೇ ತೆಗೆದುಕೊಳ್ಳಿ. ಹಳೆಯ ಕೆರೆಯ ಅಂಗಳ ದಡದಿಂದ ನಿಧಾನಕ್ಕೆ ಇಳಿಜಾರಾಗಿ ಹೋಗುತ್ತಿತ್ತು. ಮೊಣಕಾಲು, ಸೊಂಟ, ಎದೆ ಎಂದು ನೀರು ತಾನೇ ಎಚ್ಚರ ಹೇಳುತ್ತಿತ್ತು. ಈಗ ಹೂಳೆತ್ತುವ ಹೆಸರಲ್ಲಿ, ಇಟ್ಟಿಗೆ ಗೂಡಿಗೆ ಮಣ್ಣು ಹೊಡೆಯುವ ನೆಪದಲ್ಲಿ ಜೆಸಿಬಿ ಇಳಿಯುತ್ತದೆ. ಎಲ್ಲಿ ಮಣ್ಣು ಚೆನ್ನಾಗಿದೆಯೋ ಅಲ್ಲಿ ಬಗೆದು, ಗೋಡೆಯಂತೆ ನೆಟ್ಟಗಿರುವ ಗುಂಡಿ ಬಿಟ್ಟು ಹೋಗುತ್ತದೆ. ಮಳೆ ಬಂದು ಕೆರೆ ತುಂಬಿದರೆ ಮೇಲೆ ಎಲ್ಲವೂ ಸಮ. ಮೊಣಕಾಲುದ್ದ ನೀರಿನಲ್ಲಿ ಹೆಜ್ಜೆ ಇಡುತ್ತಿದ್ದ ಮಗು ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಬೀಳುತ್ತದೆ. ಗುಂಡಿ ಎಲ್ಲಿದೆ ಎಂಬುದು ಅದನ್ನು ತೋಡಿದ ಗುತ್ತಿಗೆದಾರನಿಗೆ ಗೊತ್ತು, ಹಣ ಪಾವತಿ ಮಾಡಿದ ಎಂಜಿನಿಯರ್‌ಗೆ ಗೊತ್ತು. ಗೊತ್ತಿಲ್ಲದವರೆಂದರೆ ಅಲ್ಲಿ ಇಳಿಯುವ ಮಕ್ಕಳು.

ಕೃಷಿ ಹೊಂಡದ ಕಥೆ ಇನ್ನೂ ಕ್ರೂರ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ಹೊಂಡಗಳು ತುಂಬಿಕೊಂಡವು. ಒಣಭೂಮಿಯ ರೈತನಿಗೆ ಅದು ವರವೇ, ನನ್ನ ಜಗಳ ಯೋಜನೆಯ ಜತೆಗಿಲ್ಲ. ಆದರೆ ಒಮ್ಮೆ ಆ ಹೊಂಡದ ಅಂಚಿಗೆ ನಿಂತು ನೋಡಿ. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ, ನೀರು ನಿಂತು ಅದರ ಮೇಲೆ ಕಟ್ಟಿದ ಪಾಚಿ. ಕಾಲಿಟ್ಟರೆ ಜಾರುತ್ತದೆ, ಕೈ ಹಾಕಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲ ಗಂಡಸೂ ಅಲ್ಲಿಂದ ಹತ್ತಿ ಬರಲಾರ. ಅಂಚಿನವರೆಗೆ ಬಂದು ಬಂದು ಜಾರಿ, ದಣಿದು ಮುಳುಗುತ್ತಾನೆ. ಕುರಿಮರಿಗೆ ನೀರು ಕುಡಿಸಲು ಹೋದ ಅಕ್ಕ ಜಾರಿದಳು, ಎತ್ತಲು ತಮ್ಮ ಇಳಿದ, ಇಬ್ಬರನ್ನೂ ಎಳೆಯಲು ತಾಯಿ ಧುಮುಕಿದಳು: ಒಂದೇ ಮನೆಯ ಮೂರು ಹೆಣ ಒಟ್ಟಿಗೆ ಹೊರಡುವುದು ಹೀಗೆ. ಅಂಚಿನಲ್ಲಿ ಒಂದು ಗೂಟ ನೆಟ್ಟು, ಗಂಟು ಹಾಕಿದ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟಿದ್ದರೆ, ಎರಡು ಖಾಲಿ ಕ್ಯಾನು ತೇಲಬಿಟ್ಟಿದ್ದರೆ? ಯೋಜನೆಯಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿದೆ. ಬೇಲಿ ಇಲ್ಲದ ಹೊಂಡಗಳನ್ನು ಲೆಕ್ಕ ಹಾಕುತ್ತಾ ಹೋದರೆ ಸಂಜೆಯಾಗುತ್ತದೆ.

ನಾಲೆಗೂ ಹೀಗೆಯೇ ಅದರದೇ ಮೋಸ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದರಿಂದ ಹೋದ ವಾರ ಕ್ರಿಕೆಟ್ ಆಡಿದ ಒಣ ನಾಲೆಯಲ್ಲಿ ಈ ವಾರ ನೀರು ಭೋರ್ಗರೆಯುತ್ತಿರುತ್ತದೆ. ಸಿಮೆಂಟ್ ಬಳಿದ ಇಳಿಜಾರು ಬದಿ, ಬಿದ್ದವರು ಹತ್ತಲು ದೂರದವರೆಗೂ ಮೆಟ್ಟಿಲಿಲ್ಲ. ಇಷ್ಟೆಲ್ಲ ಮಾಡಿಟ್ಟು, ಎಂಟು ವರ್ಷದ ಹುಡುಗನಿಗೆ ‘ನೀನು ಎಚ್ಚರದಿಂದ ಇರಬೇಕಿತ್ತು’ ಎನ್ನುವುದಕ್ಕೆ ನಮಗೆ ನಾಚಿಕೆಯಾಗಬೇಕು.

‘ಅವನ ಜಾತಕದಲ್ಲೇ ಜಲಗಂಡಾಂತರ ಇತ್ತು’ ಎನ್ನುವವರಿಗೆ ನಾನು ಹೆಚ್ಚು ಸಾಲು ಕೊಡುವುದಿಲ್ಲ. ಹಾಗೆ ಬರೆದಿದ್ದರೆ ಆ ಮಗುವಿಗೆ ಎಲ್ಲರಿಗಿಂತ ಮೊದಲು ಈಜು ಕಲಿಸಬೇಕಿತ್ತು, ಮಾಡುವುದು ತದ್ವಿರುದ್ಧ. ಹೆಚ್ಚು ಗಂಭೀರವಾದ ಆಕ್ಷೇಪ ಇನ್ನೊಂದಿದೆ: ‘ಸಾಯುವವರು ಈಜು ಬಲ್ಲವರೇ, ಕಲಿಸಿದರೆ ಧೈರ್ಯ ಹೆಚ್ಚಿ ಇನ್ನಷ್ಟು ಹೋಗುತ್ತಾರೆ.’ ಇದರಲ್ಲಿ ಅರ್ಧ ನಿಜ ಇದೆ. ಮುತ್ತತ್ತಿಯಲ್ಲಿ, ಮೇಕೆದಾಟಿನಲ್ಲಿ, ಬಲಮುರಿಯಲ್ಲಿ ಕಾವೇರಿಗೆ ಇಳಿದು ಹೋದವರಲ್ಲಿ ಈಜು ಬರುತ್ತಿದ್ದವರು ಇದ್ದೇ ಇದ್ದಾರೆ. ಅವರಿಗೆ ಬರುತ್ತಿದ್ದದ್ದು ಬಾವಿಯ ಈಜು, ಕೊಳದ ಈಜು. ಬಂಡೆಯ ಸಂದಿನಲ್ಲಿ ತಿರುಗುವ ಸುಳಿ, ಮರಳು ತೆಗೆದ ಗುಂಡಿ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನೋಡನೋಡುತ್ತ ಏರುವ ಹೊಳೆ, ಇವುಗಳ ಪಾಠ ಅವರಿಗೆ ಆಗಿರಲಿಲ್ಲ. ಇದರಿಂದ ಹೊರಡುವ ತೀರ್ಮಾನ ಇನ್ನೂ ಹೆಚ್ಚು ಕಲಿಸಬೇಕು ಎಂಬುದೇ ಹೊರತು ಕಲಿಸಲೇಬಾರದು ಎಂಬುದಲ್ಲ. ಕಲಿತರೆ ಅಪಾಯ ಹೆಚ್ಚುತ್ತದೆ ಎಂಬ ಶಂಕೆಯನ್ನು ಅಮೆರಿಕದಲ್ಲಿ ಪರೀಕ್ಷಿಸಿಯೂ ನೋಡಿದರು; 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದರಿಂದ ನಾಲ್ಕು ವರ್ಷದ ಮಕ್ಕಳ ಪೈಕಿ ಈಜಿನ ಪಾಠ ಆದವರಲ್ಲಿ ಮುಳುಗುವ ಅಪಾಯ ಬಹಳ ಕಡಿಮೆ ಇತ್ತು.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಕಡಲು ಎಂದರೆ ಏನು? ಅಲೆ ಒಡೆಯುವ ಜಾಗ ಭಯಂಕರವಾಗಿ ಕಾಣುತ್ತದೆ. ಎರಡು ಒಡೆತಗಳ ನಡುವೆ ಸಮತಟ್ಟಾಗಿ, ಶಾಂತವಾಗಿ ಒಂದು ಓಣಿ ಕಾಣುತ್ತದೆ. ಗೊತ್ತಿಲ್ಲದವರು ಇಳಿಯುವುದು ಆ ಓಣಿಯಲ್ಲೇ. ದಡಕ್ಕೆ ಬಂದ ನೀರೆಲ್ಲ ಸೆಳೆತವಾಗಿ ಹಿಂದಕ್ಕೆ ಹೋಗುವ ದಾರಿಯೂ ಅದೇ. ಸಿಕ್ಕಿಕೊಂಡವರು ದಡದ ಕಡೆ ನೇರ ಈಜಿದರೆ ಸೋಲುತ್ತಾರೆ. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬೀಳುತ್ತಾರೆ. ಕರಾವಳಿಯ ಮೀನುಗಾರರ ಮಕ್ಕಳಿಗೆ ಇದು ಅನ್ನದಷ್ಟೇ ಪರಿಚಿತ. ಪ್ರವಾಸದ ಬಸ್ಸು ಹತ್ತುವ ಹಿಂದಿನ ದಿನ ತರಗತಿಯಲ್ಲಿ ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಲು ಹದಿನೈದು ನಿಮಿಷ ಸಾಕು. ದುರಂತದ ನಂತರ ಏನಾಯಿತು? ಶಿಕ್ಷಕರ ಮೇಲೆ ಕ್ರಮ, ಕಡಲತೀರಕ್ಕೆ ಪ್ರವೇಶ ಬಂದ್. ಹೊಣೆ ಇದ್ದವರಿಗೆ ಶಿಕ್ಷೆಯಾಗಲಿ, ಬೇಡ ಎನ್ನುವುದಿಲ್ಲ. ಆದರೆ ರಾಜ್ಯದ ಉಳಿದ ಶಿಕ್ಷಕರು ಇದರಿಂದ ಕಲಿತ ಪಾಠ ಯಾವುದು? ‘ನೀರಿರುವ ಕಡೆ ಪ್ರವಾಸವೇ ಬೇಡಪ್ಪ.’

ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗಲೂ ಬಯಲಾದದ್ದು ಇಂಥದ್ದೇ ಅಜ್ಞಾನ. ಮಿತಿ ಮೀರಿ ತುಂಬಿದ ದೋಣಿ, ಎಷ್ಟೋ ಮಕ್ಕಳ ಮೈಮೇಲೆ ಜೀವರಕ್ಷಕ ಜಾಕೆಟ್ ಇಲ್ಲ. ನೀರಿನ ಬಗ್ಗೆ ನಾಲ್ಕು ಮಾತು ಗೊತ್ತಿದ್ದ ಒಬ್ಬ ದೊಡ್ಡವರು ‘ಜಾಕೆಟ್ ಇಲ್ಲದೆ ನಮ್ಮ ಮಕ್ಕಳು ಹತ್ತುವುದಿಲ್ಲ’ ಎಂದು ನಿಂತಿದ್ದರೆ!

ನನ್ನ ಪಕ್ಷದವರಂತೆ ಮಾತಾಡುವ ಇನ್ನೊಂದು ಗುಂಪಿದೆ. ಅವರೊಂದಿಗೂ ನನಗೆ ಸರಿಹೋಗದು. ‘ನಮ್ಮ ಕಾಲದಲ್ಲಿ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ತಳ್ಳುತ್ತಿದ್ದರು, ಮೂರೇ ದಿನಕ್ಕೆ ಈಜು ಬರುತ್ತಿತ್ತು, ಈಗಿನ ಮಕ್ಕಳು ಮೊಬೈಲು ಹಿಡಿದು ಹಾಳಾದವು’ ಎನ್ನುವ ಹಿರಿಯರು. ಬೆಂಡು, ಸೋರೆ ಬುರುಡೆ ಒಳ್ಳೆಯ ಸಾಧನಗಳೇ. ಆದರೆ ಆ ಕಾಲದಲ್ಲಿ ಕಲಿತವರು ಯಾರು? ಊರಿನ ಗಂಡು ಹುಡುಗರು, ಅದರಲ್ಲೂ ಬಾವಿಗೆ ಇಳಿಯಲು ಜಾತಿ ಅಡ್ಡಬಾರದವರು. ದಲಿತರ ಕೇರಿಯ ಹುಡುಗನಿಗೆ ಆ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ. ಹೆಣ್ಣುಮಕ್ಕಳಂತೂ ಲೆಕ್ಕದಲ್ಲೇ ಇಲ್ಲ. ದಿನಾ ಬೆಳಗ್ಗೆ ಕೆರೆಯಲ್ಲಿ ಬಟ್ಟೆ ಒಗೆದು, ನೀರು ಹೊತ್ತು, ಎಲ್ಲರಿಗಿಂತ ಹೆಚ್ಚು ಹೊತ್ತು ನೀರಿನಂಚಿನಲ್ಲಿ ಕಳೆದವರು ಅವರು. ಈಜು ಬಾರದವರೂ ಅವರೇ. ಇವತ್ತೂ ಹುಡುಗಿ ಈಜು ಕಲಿಯಲು ಹೊರಟರೆ ಮೊದಲ ಪ್ರಶ್ನೆ ಬಟ್ಟೆಯದು. ನೆದರ್ಲೆಂಡ್ಸಿನಲ್ಲಿ ಮಕ್ಕಳು ಈಜಿನ ಮೊದಲ ಪ್ರಮಾಣಪತ್ರ ಪಡೆಯಲು ಬಟ್ಟೆ ತೊಟ್ಟೇ ಈಜಿ ತೋರಿಸಬೇಕು. ಕಾಲುವೆಗೆ ಬೀಳುವವರು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲ ಎಂಬ ತಿಳಿವಳಿಕೆ ಅವರದು. ನಮ್ಮ ಹುಡುಗಿಯರೂ ಚೂಡಿದಾರದಲ್ಲೇ ಕಲಿಯಲಿ.

‘ಹಳ್ಳಿ ಶಾಲೆಗೆ ಸ್ವಿಮ್ಮಿಂಗ್ ಪೂಲ್ ಎಲ್ಲಿಂದ ತರೋಣ?’ ಎಂಬ ಪ್ರಶ್ನೆಗೆ ಬಾಂಗ್ಲಾದೇಶ ಉತ್ತರ ಕೊಟ್ಟು ಬಹಳ ವರ್ಷಗಳಾದವು. ಅದೂ ಶ್ರೀಮಂತ ದೇಶವಲ್ಲ, ಮನೆಗೊಂದು ಹೊಂಡ ಇರುವ ದೇಶ. ಅಲ್ಲಿ ಊರಿನ ಹೊಂಡದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ, ಮಗು ನಿಲ್ಲುವಷ್ಟೇ ಆಳ ಉಳಿಸಿ, ಊರಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಕಲಿಸುತ್ತಾರೆ. ಗುರಿ ಪದಕವಲ್ಲ: 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ನೀರಿಗೆ ಇಳಿಯದೆ ಇನ್ನೊಬ್ಬರನ್ನು ಎಳೆಯಲು ಬರಬೇಕು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇ 90ಕ್ಕೂ ಹೆಚ್ಚು ಕಡಿಮೆ ಇದ್ದದ್ದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಐದು ವರ್ಷದೊಳಗಿನ ಕೂಸುಗಳ ವಿಷಯ ಬೇರೆ. ಅವಕ್ಕೆ ಬೈದೂ ಫಲವಿಲ್ಲ, ಕಲಿಸಿದ್ದನ್ನೇ ನಂಬಿ ಕೂರುವಂತೆಯೂ ಇಲ್ಲ. ಬೇಕಾದದ್ದು ಬೇಲಿ ಮತ್ತು ಒಂದು ಜತೆ ಕಣ್ಣು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಮುಳುಗಿ ಸತ್ತವರು ಸುಮಾರು 3 ಲಕ್ಷ, ಅವರಲ್ಲಿ ಕಾಲು ಭಾಗದಷ್ಟು ಈ ವಯಸ್ಸಿನವರು. ತಾಯಿ ಒಲೆ ಮುಂದೆ, ಗದ್ದೆಯಲ್ಲಿ ಇರುವ ಬೆಳಗಿನ ಹೊತ್ತೇ ಹೆಚ್ಚು ಮಕ್ಕಳು ಹೋಗುತ್ತವೆ ಎಂಬುದನ್ನು ಕಂಡುಕೊಂಡ ಬಾಂಗ್ಲಾದೇಶದವರು ಬೆಳಗ್ಗೆ ಒಂಬತ್ತರಿಂದ ಒಂದರವರೆಗೆ ಮಕ್ಕಳನ್ನು ನೋಡಿಕೊಳ್ಳುವ ‘ಆಂಚಲ್’ ಕೇಂದ್ರಗಳನ್ನು ಊರೂರಲ್ಲಿ ತೆರೆದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಸಾವು ಬಹುಪಾಲು ಇಳಿಯಿತು. ನಮ್ಮಲ್ಲೂ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿದರು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ಕೆರೆ ಪಕ್ಕದ, ನಾಲೆ ಪಕ್ಕದ ಊರುಗಳಿಗೆ ಅದನ್ನು ಮೊದಲು ಕೊಡಿ ಎಂದು ಯಾರೂ ಕೇಳಲಿಲ್ಲ.

ಬೆಂಗಳೂರಿನವರು ಇದು ಹಳ್ಳಿ ಗೋಳು ಎಂದು ಪುಟ ತಿರುವುವುದು ಬೇಡ. ನಿಮ್ಮ ಗೇಟಿನ ಒಳಗೆ, ಕಾರಿನ ಅಡಿಯಲ್ಲಿ ಒಂದು ಸಂಪು ಇದೆ. ಟ್ಯಾಂಕರ್‌ನವನು ಬಂದು ಮುಚ್ಚಳ ಸರಿಸಿ ಪೈಪು ಇಳಿಸುತ್ತಾನೆ. ನೀರು ತುಂಬಿದ ಮೇಲೆ ಮುಚ್ಚಳವನ್ನು ಕಾಲಲ್ಲಿ ಅರ್ಧ ತಳ್ಳಿ ಹೋಗುತ್ತಾನೆ. ಬಚ್ಚಲಲ್ಲಿ ತುಂಬಿಟ್ಟ ಬಕೆಟ್ಟೂ ಅಂಬೆಗಾಲಿಡುವ ಮಗುವಿಗೆ ಸಾಕು.

ಮುಳುಗಿದ ಮಗುವನ್ನು ಮೇಲೆತ್ತಿದ ಮೇಲೆ ನಾವು ಮಾಡುವುದನ್ನು ನೋಡಿದರೆ ದೂರ ಇರಿಸುವ ಈ ಧೋರಣೆ ದೊಡ್ಡವರನ್ನೂ ಎಷ್ಟು ಅನಕ್ಷರಸ್ಥರನ್ನಾಗಿ ಉಳಿಸಿದೆ ಎಂಬುದು ಗೊತ್ತಾಗುತ್ತದೆ. ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ, ಗರಗರ ತಿರುಗಿಸುತ್ತಾರೆ, ಹೊಟ್ಟೆ ಅಮುಕಿ ನೀರು ಕಕ್ಕಿಸಲು ನೋಡುತ್ತಾರೆ. ಉಸಿರು ನಿಂತ ಮಗುವಿಗೆ ಬೇಕಾದದ್ದು ಉಸಿರು: ಬಾಯಿಗೆ ಬಾಯಿಟ್ಟು ಊದಬೇಕು, ಎದೆ ಒತ್ತಬೇಕು, ಜತೆಗೇ 108ಕ್ಕೆ ಫೋನ್ ಹೋಗಬೇಕು. ಇದನ್ನು ಹೇಳಿಕೊಡದ ಜಾಗದಲ್ಲಿ ವಾಟ್ಸ್‌ಆ್ಯಪ್ ಬಂದು ಕೂತಿದೆ. ಮುಳುಗಿದವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಜೀವ ಬರುತ್ತದೆ ಎಂಬ ಸಂದೇಶ ನಂಬಿ, ಬಳ್ಳಾರಿ, ಹಾವೇರಿ ಕಡೆ ಹೆತ್ತವರು ಚೀಲಗಟ್ಟಲೆ ಉಪ್ಪು ತಂದು, ಮಕ್ಕಳ ದೇಹದ ಮೇಲೆ ಸುರಿದು ಗಂಟೆಗಟ್ಟಲೆ ಕಾದದ್ದು ಸುದ್ದಿಯಾಗಿತ್ತು. ಅವರನ್ನು ಮೂಢರು ಎಂದು ನಕ್ಕವರು ಬಹಳ. ಆ ಊರಿಗೆ ಆರೋಗ್ಯ ಇಲಾಖೆಯವರು ಒಂದು ಗೊಂಬೆ ಹಿಡಿದು ಹೋಗಿ, ಎದೆ ಎಲ್ಲಿ ಒತ್ತಬೇಕು ಎಂದು ಒಮ್ಮೆಯಾದರೂ ತೋರಿಸಿದ್ದರೇ ಎಂದು ಕೇಳಿದವರು ಕಡಿಮೆ.

‘ಕಲಿಸುವಾಗ ಹೆಚ್ಚುಕಡಿಮೆ ಆದರೆ ಯಾರು ಹೊಣೆ?’ ಶಾಲೆಗಳಲ್ಲಿ ಈ ವಿಷಯ ಎತ್ತಿದರೆ ಮುಖ್ಯೋಪಾಧ್ಯಾಯರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ, ನೌಕರಿ ಹೋಗುವುದು ಅವರದು. ಉತ್ತರವನ್ನು ಶಿಕ್ಷಣ ಇಲಾಖೆ ಬರಹದಲ್ಲಿ ಕೊಡಬೇಕು: ಯಾವ ತರಗತಿಗೆ, ಎಷ್ಟು ಆಳದಲ್ಲಿ, ಎಷ್ಟು ಮಕ್ಕಳಿಗೆ ಒಬ್ಬ ತರಬೇತುದಾರ, ವಿಮೆ ಯಾರದು. ದೈಹಿಕ ಶಿಕ್ಷಕರ ತರಬೇತಿಯಲ್ಲಿ ಅಂಗಾತ ತೇಲಿಸುವುದು, ಹಗ್ಗ ಎಸೆಯುವುದು, ಉಸಿರು ಕೊಡುವುದು ಸೇರಬೇಕು. ನೀರು ಸಿಗದ ಊರಿನಲ್ಲಿ ನೆಲದ ಮೇಲೆಯೇ ಕಲಿಸಬಹುದಾದದ್ದು ಬಹಳ ಇದೆ: ಮುಳುಗುವವರ ಹಿಂದೆ ಧುಮುಕಬೇಡ, ಸೀರೆಯೋ ಕೋಲೋ ಖಾಲಿ ಕೊಡವೋ ಸಿಕ್ಕಿದ್ದನ್ನು ಚಾಚು, ಎಸೆ, ಕಿರುಚು. ಮನೆಯಲ್ಲಿ ಹೆತ್ತವರು ಇದಕ್ಕೆ ಒಂದು ಮಾತು ಸೇರಿಸಬೇಕು: ‘ಗೆಳೆಯ ಮುಳುಗಿದರೆ ತಕ್ಷಣ ಬಂದು ಹೇಳು, ನೀನು ಎಲ್ಲಿದ್ದೆ ಎಂದು ನಾನು ಕೇಳುವುದಿಲ್ಲ.’ ಕೆರೆ ಹೂಳೆತ್ತುವ ಗುತ್ತಿಗೆಯಲ್ಲಿ ದಡದ ಇಳಿಜಾರು ಉಳಿಸುವ ಷರತ್ತು ಇರಬೇಕು. ಬೇಲಿ, ಹಗ್ಗ ಇಲ್ಲದ ಹೊಂಡಕ್ಕೆ ಕೊನೆಯ ಕಂತು ಬಿಡುಗಡೆಯಾಗಬಾರದು.

ಕಲಿಸುವಾಗ ಆಗಬಹುದಾದ ಒಂದು ಸಾವಿಗೆ ಹೊಣೆ ಹುಡುಕುವವರು, ಕಲಿಸದೆ ಆಗುತ್ತಿರುವ ಸಾವುಗಳಿಗೆ ಹೊಣೆ ಯಾರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಆ ಸಾವುಗಳೆಲ್ಲ ‘ಆಕಸ್ಮಿಕ’ದ ಪಟ್ಟಿಯಲ್ಲಿವೆ. ಬೋರ್ಡು ಬರೆಸಿದ ಅಧಿಕಾರಿಯನ್ನು ಯಾರೂ ಅಮಾನತು ಮಾಡಿಲ್ಲ, ಗುಂಡಿ ತೋಡಿದ ಗುತ್ತಿಗೆದಾರನಿಗೆ ಪಕ್ಕದ ಊರಿನ ಕೆರೆಯ ಟೆಂಡರೂ ಸಿಕ್ಕಿರುತ್ತದೆ.